ಮಗು ಓದಲಿ, ನೀವು ಕೇಳಿಸಿಕೊಳ್ಳಿ: ಓದು ಕಲಿಸಲು ಹೊರಟ ಸ್ವಯಂಸೇವಕರಿಗೆ

ಪುಟ್ಟ ಮಕ್ಕಳಿಗೆ ಓದು ಕಲಿಸೋಣ ಅಂತ ಹೊರಡುವವರಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ಬೋರ್ಡು, ಸೀಮೆಸುಣ್ಣ. ಎರಡೂ ಬೇಡ. ಪಾಠ ಮಾಡಲು ಶಾಲೆಯಲ್ಲಿ ಟೀಚರ್ ಇದ್ದಾರೆ. ಅವರಿಗೆ ಇಲ್ಲದಿರುವುದು ಬಿಡುವು. ಮೂವತ್ತು ನಲವತ್ತು ಮಕ್ಕಳಿರುವ ತರಗತಿಯಲ್ಲಿ ಒಂದೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅದು ತಡವರಿಸುತ್ತಾ ಓದುವುದನ್ನು ದಿನಾ ಐದು ನಿಮಿಷ ಕೇಳಿಸಿಕೊಳ್ಳಲು ಯಾರ ಕೈಲೂ ಆಗುವುದಿಲ್ಲ. ನಿಮ್ಮ ಕೈಲಿ ಆಗುತ್ತದೆ. ಅದಕ್ಕೇ ನೀವು ಬೇಕಾಗಿರುವುದು.

ಹಾಗಾಗಿ ಕೆಳಗೆ ಹೇಳಿರುವ ಎಲ್ಲದಕ್ಕೂ ಒಂದೇ ಅಳತೆಗೋಲು ಇಟ್ಟುಕೊಳ್ಳಿ. ನಿಮ್ಮ ಜೊತೆ ಕಳೆದ ಹೊತ್ತಿನಲ್ಲಿ ಮಗುವಿನ ಕಣ್ಣು ಎಷ್ಟು ಹೊತ್ತು ಅಕ್ಷರದ ಮೇಲಿತ್ತು, ಅದರ ಬಾಯಿಂದ ಎಷ್ಟು ಓದು ಬಂತು? ನಿಮ್ಮ ಮಾತೇ ಜಾಸ್ತಿ ಆಗಿದ್ದರೆ ಮರುದಿನ ಕಡಿಮೆ ಮಾಡಿ.

ಹೆಜ್ಜೆ 1: ಜಾಗ, ಹೊತ್ತು, ಜನ

ಶಾಲೆಯ ವರಾಂಡ, ಗ್ರಂಥಾಲಯದ ಒಂದು ಮೂಲೆ, ಸಮುದಾಯ ಭವನ, ಯಾವುದಾದರೂ ನಡೆಯುತ್ತದೆ. ಬೆಳಕು ಚೆನ್ನಾಗಿರಬೇಕು, ಹತ್ತಿರದಲ್ಲಿ ಟಿವಿ ಇರಬಾರದು. ಹೋಗಿ ಬರುವವರಿಗೆಲ್ಲ ಕಾಣುವ ಜಾಗವಾಗಿರಬೇಕು. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬ ದೊಡ್ಡವರು, ಒಂದು ಮಗು, ಇದು ಯಾವತ್ತೂ ಬೇಡ. ನೀವು ಎಷ್ಟೇ ಒಳ್ಳೆಯವರಾಗಿದ್ದರೂ ಬೇಡ. ದೊಡ್ಡವರು ಇಬ್ಬರಿರುವಂತೆ ನೋಡಿಕೊಳ್ಳಿ. ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಮಕ್ಕಳ ಫೋಟೋ ತೆಗೆದು ಗ್ರೂಪಿಗೆ ಹಾಕಬೇಡಿ. ಶಾಲೆಯ ಟೀಚರ್‌ಗೆ ಮೊದಲೇ ಹೇಳಿ. ಅವರಿಗೆ ಪೈಪೋಟಿ ಕೊಡಲು ಬಂದಿಲ್ಲ ಅಂತ ಗೊತ್ತಾದರೆ ಯಾವ ಮಗುವಿಗೆ ಸಹಾಯ ಬೇಕು ಅಂತ ಅವರೇ ಹೇಳುತ್ತಾರೆ.

ಒಬ್ಬರಿಗೆ ಮೂರೋ ನಾಲ್ಕೋ ಮಕ್ಕಳು ಸಾಕು. ಒಂದು ಸಲಕ್ಕೆ ನಲವತ್ತು ನಿಮಿಷ. ವಾರಕ್ಕೊಮ್ಮೆ ಎರಡು ಗಂಟೆ ಕೂರುವುದಕ್ಕಿಂತ ವಾರಕ್ಕೆ ಮೂರು ದಿನ ನಲವತ್ತು ನಿಮಿಷ ಕೂರುವುದು ಎಷ್ಟೋ ಮೇಲು. ನಡುವೆ ಆರು ದಿನ ಅಂತರ ಬಿದ್ದರೆ ಕಲಿತದ್ದನ್ನು ನೆನಪಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ.

ಹೆಜ್ಜೆ 2: ಮಗು ಎಲ್ಲಿದೆ ಅಂತ ನೋಡಿ

ಮೂರನೇ ತರಗತಿ ಅಂದ ಮಾತ್ರಕ್ಕೆ ಮೂರನೇ ತರಗತಿ ಪುಸ್ತಕ ಓದಲು ಬರುತ್ತದೆ ಅಂತೇನಿಲ್ಲ. 2005ರಿಂದ ಹಳ್ಳಿ ಹಳ್ಳಿಗಳಲ್ಲಿ ಮಕ್ಕಳ ಓದನ್ನು ಪರೀಕ್ಷಿಸುತ್ತಾ ಬಂದಿರುವ ಅಸರ್ ಸಮೀಕ್ಷೆಯಲ್ಲಿ ಬಳಸುವುದು ಒಂದೇ ಒಂದು ಹಾಳೆ. ಅದರಲ್ಲಿ ಬಿಡಿ ಅಕ್ಷರಗಳು, ಸುಲಭದ ಪದಗಳು, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕತೆ, ಇಷ್ಟೇ ಇರುತ್ತದೆ. ಅಂಥದ್ದೊಂದನ್ನು ನೀವೇ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಬಹುದು.

ಶುರು ಮಾಡುವುದು ನಾಲ್ಕು ಸಾಲಿನಿಂದ. ಮಗು ಅದನ್ನು ವಾಕ್ಯವಾಗಿ ಓದಿತು, ಎಡವಿದ್ದು ಮೂರು ಕಡೆಗಿಂತ ಹೆಚ್ಚಿಲ್ಲ ಅಂದರೆ ಕತೆ ಕೊಡಿ. ಆಗಲಿಲ್ಲವೇ, ಪದಗಳಿಗೆ ಇಳಿಯಿರಿ. ಐದು ಪದದಲ್ಲಿ ನಾಲ್ಕು ಸರಿಯಾದರೆ ಅದು ಪದದ ಮಟ್ಟ. ಅದೂ ಆಗದಿದ್ದರೆ ಅಕ್ಷರ, ಅಲ್ಲೂ ಐದಕ್ಕೆ ನಾಲ್ಕು. ಒಂದು ಮಗುವಿಗೆ ಐದು ನಿಮಿಷವೂ ಹಿಡಿಯುವುದಿಲ್ಲ.

ಇದನ್ನು ‘ಪರೀಕ್ಷೆ’ ಅನ್ನಬೇಡಿ. ಬೇರೆ ಮಕ್ಕಳ ಎದುರು ಮಾಡಲೂ ಬೇಡಿ. ಪಕ್ಕದವನು ‘ನಂಗೊತ್ತು, ನಂಗೊತ್ತು’ ಅಂತ ಕೂಗಿದ ಕ್ಷಣಕ್ಕೆ ತಡವರಿಸುತ್ತಿದ್ದ ಮಗು ಬಾಯಿ ಮುಚ್ಚುತ್ತದೆ, ಆಮೇಲೆ ತೆರೆಸುವುದು ಕಷ್ಟ. ಕೆಲವು ಮಕ್ಕಳು ಪುಟಗಟ್ಟಲೆ ಬಾಯಿಪಾಠ ಮಾಡಿಕೊಂಡು ಸರಾಗವಾಗಿ ಒಪ್ಪಿಸುತ್ತಾರೆ. ಅನುಮಾನ ಬಂದರೆ ಚಿತ್ರ ಮುಚ್ಚಿ, ಪುಟದ ನಡುವಿನ ಒಂದು ಪದಕ್ಕೆ ಬೆರಳಿಟ್ಟು ‘ಇದೇನು?’ ಅಂತ ಕೇಳಿ. ತಿಳಿದುಹೋಗುತ್ತದೆ.

ಇದೇ ಹೊತ್ತಲ್ಲಿ ಇನ್ನೆರಡು ಸಂಗತಿ ಗಮನಿಸಿ. ಮಗು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುತ್ತದೆಯೇ, ಕಣ್ಣು ಕಿರಿದು ಮಾಡುತ್ತದೆಯೇ? ಹಿಂದಿನಿಂದ ಕರೆದರೆ ತಿರುಗುವುದಿಲ್ಲವೇ? ಹಾಗಿದ್ದರೆ ಮನೆಯವರಿಗೆ ಮೆಲ್ಲಗೆ ಹೇಳಿ, ಕಣ್ಣು ಕಿವಿ ತೋರಿಸಲಿ. ಕನ್ನಡಕ ಬೇಕಾಗಿರುವ ಮಗುವಿಗೆ ದಡ್ಡ ಅನ್ನುವ ಹೆಸರು ಬಂದಿರುವುದು ಅಪರೂಪವೇನಲ್ಲ.

ಆಮೇಲೆ ಗುಂಪು ಮಾಡಿ. ತರಗತಿ ನೋಡಿ ಅಲ್ಲ, ಮಟ್ಟ ನೋಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಹತ್ತು ವರ್ಷದ ಹುಡುಗನನ್ನು ಆರು ವರ್ಷದವರ ಜೊತೆ ಅಕ್ಷರಕ್ಕೆ ಕೂರಿಸಿದರೆ ಅವನು ನಾಳೆಯಿಂದ ಬರುವುದಿಲ್ಲ. ಅವನಿಗೆ ಬೇರೆ ಹೊತ್ತು ಕೊಡಿ. ಇಲ್ಲವೇ ‘ಈ ಚಿಕ್ಕವನಿಗೆ ಈ ಪುಸ್ತಕ ಓದಿ ಹೇಳಬೇಕಪ್ಪಾ, ಮೊದಲು ನನ್ನ ಜೊತೆ ಒಂದ್ಸಲ ಓದ್ಕೋ’ ಅಂತ ಸುಲಭದ ಪುಸ್ತಕ ಕೈಗಿಡಿ. ಮರ್ಯಾದೆಯೂ ಉಳಿಯುತ್ತದೆ, ಓದೂ ಆಗುತ್ತದೆ.

ಹೆಜ್ಜೆ 3: ಅಕ್ಷರಕ್ಕೆ ಆತುರ ಬೇಡ, ಪದಕ್ಕೆ ಕಾಯಿಸಬೇಡಿ

ಎರಡೂ ಒಟ್ಟಿಗೆ ಹೇಗೆ ಅಂತೀರಾ? ವರ್ಣಮಾಲೆಯಲ್ಲಿ 49 ಅಕ್ಷರ. ಅಷ್ಟೇ ಆಗಿದ್ದರೆ ಕತೆ ಬೇಗ ಮುಗಿಯುತ್ತಿತ್ತು. 34 ವ್ಯಂಜನಕ್ಕೂ ಕಾಗುಣಿತದ 15 ರೂಪ ಹಾಕಿದರೆ 510 ಆಯಿತು. ಅದರ ಮೇಲೆ ಒತ್ತಕ್ಷರ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿವರೆಗೂ ನಡೆಯುತ್ತಲೇ ಇರುವುದು ಕಂಡಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಅಷ್ಟು ಕಾಲ ಬೇಕಾಗುವುದಿಲ್ಲ. ಆದ್ದರಿಂದ ಎರಡನೇ ತರಗತಿಯ ಮಗುವಿಗೆ ‘ಘೃ’ ಗೊತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದು ಬರುವ ಹೊತ್ತಿಗೆ ಬರುತ್ತದೆ.

ಆದರೆ 49 ಮುಗಿದ ಮೇಲೆ ಕಾಗುಣಿತ, ಕಾಗುಣಿತ ಮುಗಿದ ಮೇಲೆ ಪದ, ಪದ ಮುಗಿದ ಮೇಲೆ ವಾಕ್ಯ ಅಂತ ಕೂತರೆ ಮಗು ಮೊದಲ ಕತೆ ಓದುವ ಹೊತ್ತಿಗೆ ಓದು ಅಂದರೇ ಬೇಸರ ಹುಟ್ಟಿರುತ್ತದೆ. ಹಲವು ಶಾಲೆಗಳು ರ, ಗ, ಸ, ದ, ಅ ಇಂದ ಶುರು ಮಾಡುವುದು ಇದಕ್ಕೇ. ಈ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲ ಬಂತು. ಜ, ವ, ಮ, ಬ, ನ ಸೇರಿಸಿ. ಮರ, ದನ, ಜನ, ಮಗ, ನಗರ, ಗಮನ. ಒಂದು ದೀರ್ಘ ಕಲಿಸಿದರೆ ‘ಅರಸಾ ಬಾ, ಮರ ಬಾಗಿದ ಜಾಗ ದಾಟಿ ಬಾ’ ಅಂತ ಆಟಕ್ಕೆ ವಾಕ್ಯ ಕಟ್ಟುವ ಆಸೆ ಬರುತ್ತದೆ. ಆದರೆ ಅದಕ್ಕೆ ಬೇಕಾದ ಟ, ಗುಡಿಸು ಇನ್ನೂ ಕಲಿಸಿಲ್ಲ ಅಲ್ವಾ? ಹಾಗಂತ ‘ಅರಸಾ ಬಾ, ಮಗನಾ ಜಾಗ ಬಾ’ ಅಂತ ಅರ್ಥವಿಲ್ಲದ್ದನ್ನು ಕಟ್ಟಬೇಡಿ. ‘ಅರಸಾ ಬಾ ಬಾ’ ಅಷ್ಟೇ ಸಾಕು. ಕಲಿಸಿದ ಅಕ್ಷರಗಳಲ್ಲೇ, ಅರ್ಥ ಇರುವಂಥದ್ದನ್ನೇ ಕೊಡಿ.

ನೋಡಲು ಒಂದೇ ಥರ ಇರುವ ಅಕ್ಷರಗಳನ್ನು ಒಂದೇ ದಿನ ಕಲಿಸಬೇಡಿ. ದ–ಧ, ಬ–ಭ, ಪ–ಷ–ಫ, ವ–ಮ, ಎ–ಏ. ಒಂದು ಗಟ್ಟಿಯಾಗಲಿ, ವಾರ ಬಿಟ್ಟು ಇನ್ನೊಂದು. ಆಮೇಲೆ ಎರಡನ್ನೂ ಪಕ್ಕಪಕ್ಕ ಬರೆದು ‘ಎಲ್ಲಿ ಬೇರೆ ಇದೆ, ಬೆರಳಿಟ್ಟು ತೋರಿಸು’ ಅನ್ನಿ.

ಒತ್ತಕ್ಷರದಲ್ಲಿ ಮಕ್ಕಳು ಎಡವುವುದಕ್ಕೆ ಕಾರಣ ಇದೆ. ‘ಹಕ್ಕಿ’ ನೋಡಿ. ಗುಡಿಸು ಇರುವುದು ಮೇಲಿನ ಕಕಾರಕ್ಕೆ, ಆದರೆ ಇಕಾರ ಕೇಳಿಸುವುದು ಕೆಳಗಿನ ಒತ್ತನ್ನು ಹೇಳಿದ ಮೇಲೆ. ಕಣ್ಣಿನ ಸಾಲೇ ಬೇರೆ, ಕಿವಿಯ ಸಾಲೇ ಬೇರೆ. ‘ವರ್ಷ’ದಲ್ಲಿ ಇನ್ನೂ ಮಜಾ. ರ್ ಮೊದಲು ಕೇಳಿಸುತ್ತದೆ, ಅದರ ಗುರುತು ಷ ಆದ ಮೇಲೆ ಕೂತಿದೆ. ಕ್ಕ, ಗ್ಗ, ದ್ದಗಳ ಒತ್ತು ತಲೆಕಟ್ಟು ಇಲ್ಲದ ಅದೇ ಅಕ್ಷರ, ಆದ್ದರಿಂದ ಸುಲಭ. ತ್ತ, ನ್ನ, ಮ್ಮ, ಯ್ಯ, ಲ್ಲಗಳ ಒತ್ತಿಗೂ ಅಕ್ಷರಕ್ಕೂ ಹೋಲಿಕೆಯೇ ಇಲ್ಲ, ಅವನ್ನು ಬೇರೆಯಾಗಿಯೇ ಪರಿಚಯಿಸಬೇಕು. ಆದರೆ ಅಮ್ಮ, ಅನ್ನ, ಅಯ್ಯೋ, ಇಲ್ಲ ಇವೆಲ್ಲ ಮಗುವಿನ ಬಾಯಲ್ಲಿ ಆಗಲೇ ಇರುವ ಪದಗಳು. ಅಲ್ಲಿಂದಲೇ ಶುರು ಮಾಡಿ.

ಹೆಜ್ಜೆ 4: ನಲವತ್ತು ನಿಮಿಷ ಹೀಗೆ

ಮೊದಲ ಐದು ನಿಮಿಷ ಸುಮ್ನೆ ಮಾತು. ಹತ್ತು ನಿಮಿಷ ನೀವು ಒಂದು ಕತೆ ಓದಿ ಹೇಳಿ. ಇಪ್ಪತ್ತು ನಿಮಿಷ ಮಕ್ಕಳು ಓದಲಿ. ಉಳಿದದ್ದು ಪದದ ಆಟಕ್ಕೆ.

ನೀವು ಓದಿ ಹೇಳುವ ಕತೆ ಮಗು ಸ್ವಂತವಾಗಿ ಓದಬಲ್ಲದ್ದಕ್ಕಿಂತ ಕಷ್ಟದ್ದಿರಲಿ, ಪರವಾಗಿಲ್ಲ. ಪುಸ್ತಕದ ಭಾಷೆ ಕಿವಿಗೆ ಬೀಳುವುದು ಹೀಗೆಯೇ. ಮನೆಯಲ್ಲಿ ಒಮ್ಮೆ ಜೋರಾಗಿ ಓದಿಕೊಂಡು ಬನ್ನಿ. ನಡುವೆ ಒಂದೆರಡು ಕಡೆ ನಿಲ್ಲಿಸಿ ‘ಈಗೇನಾಗಬಹುದು?’, ‘ಅವನು ಯಾಕೆ ಹಾಗೆ ಮಾಡಿದ?’ ಅಂತ ಕೇಳಿ. ‘ಕತೆಯ ನೀತಿ ಏನು?’ ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆ ಬರುತ್ತದೆ ಅಂತ ಗೊತ್ತಾದ ಮಕ್ಕಳು ಕತೆ ಕೇಳುವುದು ಬಿಟ್ಟು ಉತ್ತರ ಹುಡುಕಲು ಶುರು ಮಾಡುತ್ತಾರೆ. ಹೇಳಿದ್ದೇ ಕತೆ ಮತ್ತೆ ಬೇಕು ಅಂದರೆ ಮತ್ತೆ ಹೇಳಿ. ಬೇಸರ ಆಗುವುದು ನಿಮಗೆ, ಅವರಿಗಲ್ಲ.

ಮಕ್ಕಳು ಓದುವಾಗ ಎಲ್ಲರೂ ಒಟ್ಟಿಗೆ ರಾಗವಾಗಿ ಓದುವುದು ಕೇಳಲು ಚೆಂದ, ಆದರೆ ಓದಲು ಬಾರದವರು ಅದರೊಳಗೆ ಆರಾಮಾಗಿ ಅಡಗಿಕೊಳ್ಳುತ್ತಾರೆ. ಒಬ್ಬೊಬ್ಬರೇ ನಿಮ್ಮ ಪಕ್ಕಕ್ಕೆ ಬರಲಿ. ಉಳಿದವರ ಕೈಯಲ್ಲಿ ಪುಸ್ತಕ ಇರಲಿ, ಜೋಡಿಯಾಗಿ ಒಬ್ಬರಿಗೊಬ್ಬರು ಓದಿಕೊಳ್ಳಲಿ. ಗದ್ದಲ ಸ್ವಲ್ಪ ಇರುತ್ತದೆ.

ಹೆಜ್ಜೆ 5: ಮಗು ಎಡವಿದಾಗ

ನಿಜವಾದ ಕೆಲಸ ಇರುವುದು ಇಲ್ಲೇ. ಹುಡುಗಿ ‘ಹಕ್ಕಿ ಗೂಡಿಗೆ ಹೋಯಿತು’ ಅನ್ನುವ ಸಾಲು ಓದುತ್ತಿದ್ದಾಳೆ ಅಂದುಕೊಳ್ಳಿ.

‘ಹ... ಕಿ... ಹಕಿ ಗೂಡಿಗೆ...’

ನೀವು ಸುಮ್ಮನಿದ್ದೀರಿ. ಅವಳು ತಾನೇ ನಿಲ್ಲುತ್ತಾಳೆ.

‘ಹಕಿ ಅಂದ್ರೆ ಏನಕ್ಕಾ?’

ಇದು ಖುಷಿ ಪಡಬೇಕಾದ ಪ್ರಶ್ನೆ. ಓದಿದ್ದಕ್ಕೆ ಅರ್ಥ ಇರಬೇಕು ಅಂತ ಅವಳಿಗೆ ಗೊತ್ತಿದೆ.

‘ನೀನೇ ನೋಡು ಪುಟ್ಟಿ. ಕಿ ಕೆಳಗೆ ಏನೋ ಇದೆ ಅಲ್ವಾ?’

‘ಕ ಒತ್ತು. ಹಕ್... ಹಕ್ಕಿ!’

‘ಹ್ಞಾಂ. ಈಗ ಮೊದಲಿಂದ ಓದು.’

ಆ ಕೊನೆಯ ಮಾತನ್ನು ಮರೆಯಬೇಡಿ. ಒಂದು ಪದದ ಜೊತೆ ಗುದ್ದಾಡುವಾಗ ವಾಕ್ಯ ಕೈಜಾರಿ ಹೋಗಿರುತ್ತದೆ. ಪೂರ್ತಿ ಸಾಲು ಮತ್ತೆ ಓದಿದಾಗಲೇ ಅದು ಕೂಡಿಕೊಳ್ಳುವುದು.

ಮಗು ನಿಂತಾಗ ಮನಸ್ಸಿನಲ್ಲೇ ಒಂದರಿಂದ ಐದರವರೆಗೆ ಎಣಿಸಿ. ಐದು ಸೆಕೆಂಡ್ ಮೌನ ಎಷ್ಟು ಉದ್ದ ಅನ್ನಿಸುತ್ತದೆ ಅಂತ ಕೂತಾಗಲೇ ಗೊತ್ತಾಗುವುದು. ಹೊಸ ಸ್ವಯಂಸೇವಕರು ಎರಡು ಎಣಿಸುವಷ್ಟರಲ್ಲಿ ಪದ ಹೇಳಿಬಿಡುತ್ತಾರೆ. ಮಗು ಬುದ್ಧಿವಂತ, ಮುಂದಿನ ಸಲದಿಂದ ಅಕ್ಷರ ನೋಡುವ ಬದಲು ನಿಮ್ಮ ಮುಖ ನೋಡುತ್ತದೆ. ಐದು ಎಣಿಸಿದ ಮೇಲೂ ಆಗದಿದ್ದರೆ ಒಂದು ಸುಳಿವು ಕೊಡಿ. ಅದಕ್ಕೂ ಬರದಿದ್ದರೆ ಪದ ಹೇಳಿ ಮುಂದೆ ಹೋಗಿ. ಒಂದೇ ಪದಕ್ಕೆ ಮೂರು ನಿಮಿಷ ಗೋಳಾಡಿಸಬೇಡಿ.

ತಪ್ಪುಗಳೆಲ್ಲ ಒಂದೇ ಅಲ್ಲ. ಪುಸ್ತಕದಲ್ಲಿ ‘ಬಂದಿದ್ದಾನೆ’ ಇದೆ, ಮಗು ‘ಬಂದವ್ನೆ’ ಅಂತಲೋ ‘ಬಂದಾನ’ ಅಂತಲೋ ಓದಿತು. ಅಂದರೆ ಓದಿದ್ದು ಅರ್ಥವಾಗಿ, ತನ್ನ ಮಾತಿನಲ್ಲಿ ಹೊರಬಂದಿದೆ. ತಡೆಯಬೇಡಿ. ‘ಹಾಲು’ ಅನ್ನುವುದು ‘ಆಲು’ ಆದರೂ ಹಾಗೇ. ಅದು ಮನೆಯಲ್ಲಿ ಕೇಳಿದ ಉಚ್ಚಾರಣೆ, ಓದಿನ ತಪ್ಪಲ್ಲ. ಆದರೆ ‘ಮರ’ ಅನ್ನುವುದನ್ನು ‘ಮಗ’ ಅಂತ ಓದಿ, ಅರ್ಥ ಕೆಟ್ಟಿದ್ದೂ ಗೊತ್ತಾಗದೆ ಮುಂದೆ ಹೋದರೆ, ಸಾಲು ಮುಗಿಯುವ ತನಕ ಕಾದು ‘ಮಗನ ಮೇಲೆ ಹಕ್ಕಿ ಕೂತಿತ್ತಾ?’ ಅಂತ ಕೇಳಿ. ನಗುತ್ತಾ ತಾನೇ ಸರಿ ಮಾಡಿಕೊಳ್ಳುತ್ತದೆ. ಚಿತ್ರ ನೋಡಿ ಊಹಿಸಿದರೆ ಬೈಯಬೇಡಿ. ‘ಇರಬಹುದು, ಅಕ್ಷರ ಏನು ಹೇಳ್ತಿದೆ ನೋಡೋಣ’ ಅಂದರೆ ಸಾಕು.

ಮನೆಮಾತು ಬೇರೆ ಇರುವ ಮಗುವಿಗೆ ಓದುವುದರ ಜೊತೆಗೆ ಪದವೇ ಹೊಸದು. ಅದು ಅಕ್ಷರ ಕೂಡಿಸಿ ‘ಗೂಡು’ ಅಂತ ಸರಿಯಾಗಿಯೇ ಓದಿದರೂ ಗೂಡು ಅಂದರೇನು ಅಂತ ಗೊತ್ತಿರುವುದಿಲ್ಲ. ಅಂಥ ಮಗುವಿನ ಜೊತೆ ಮೊದಲು ಚಿತ್ರ ನೋಡಿ ಮಾತಾಡಿ. ನಿಮ್ಮ ಮನೆಯಲ್ಲಿ ಇದಕ್ಕೆ ಏನಂತೀರಿ ಅಂತ ಕೇಳಿ. ಓದು ಆಮೇಲೆ.

ಹೆಜ್ಜೆ 6: ಸರಿಯಾದ ಪುಸ್ತಕ

ಮಗು ಒಂದು ಪುಟ ಓದಲಿ. ಬಾರದ ಪ್ರತಿ ಪದಕ್ಕೂ ಒಂದು ಬೆರಳು ಮಡಚಲಿ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ ಆ ಪುಸ್ತಕ ಈಗ ಬೇಡ. ಇನ್ನೂ ನಿಖರವಾಗಿ ಬೇಕೆಂದರೆ ನೂರು ಪದ ಎಣಿಸಿ. ತಪ್ಪು ಐದರೊಳಗಿದ್ದರೆ ಮಗು ಒಬ್ಬಂಟಿಯಾಗಿ ಓದಬಹುದು. ಹತ್ತರವರೆಗೆ ಇದ್ದರೆ ನಿಮ್ಮ ಜೊತೆ ಓದಲಿ. ಹತ್ತು ದಾಟಿದರೆ ನೀವೇ ಓದಿ ಹೇಳಿ.

ಪುಸ್ತಕಕ್ಕೆ ದುಡ್ಡಿಲ್ಲ ಅನ್ನುವುದು ಈಗ ಅಷ್ಟು ದೊಡ್ಡ ತೊಡಕಲ್ಲ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ. ಓದಿನ ನಾಲ್ಕು ಮಟ್ಟಕ್ಕೆ ತಕ್ಕಂತೆ ವಿಂಗಡಿಸಿಟ್ಟಿದ್ದಾರೆ, ಪ್ರಿಂಟ್ ಕೂಡ ತೆಗೆದುಕೊಳ್ಳಬಹುದು. ಆದರೆ ಫೋನಿನಲ್ಲಿ ತೋರಿಸುವುದಕ್ಕಿಂತ ಕಾಗದದ್ದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಫೋನ್ ಕೈಗೆ ಬಂದರೆ ಮಗುವಿನ ಮನಸ್ಸು ಕತೆಯಲ್ಲಿ ಇರುವುದಿಲ್ಲ.

ಎಲ್ಲಕ್ಕಿಂತ ಚೆನ್ನಾಗಿ ಓದಿಸಿಕೊಳ್ಳುವುದು ಮಗುವಿನದೇ ಪುಸ್ತಕ. ‘ನಿನ್ನೆ ಏನಾಯ್ತು ಹೇಳು’ ಅನ್ನಿ. ‘ನಮ್ಮ ನಾಯಿ ಮರಿ ಹಾಕಿತು. ನಾಕು ಮರಿ. ಒಂದು ಕರಿ ಮರಿ ನಂದು.’ ಹೇಳಿದ ಹಾಗೇ ಬರೆದುಕೊಳ್ಳಿ, ಪುಟಕ್ಕೊಂದು ಸಾಲು. ಚಿತ್ರ ಅದೇ ಬಿಡಿಸಲಿ, ದಾರ ಹಾಕಿ ಹೊಲಿಯಿರಿ. ‘ನಾಕು’ ಅನ್ನುವುದನ್ನು ‘ನಾಲ್ಕು’ ಮಾಡಬೇಕು ಅಂತ ಕೈ ತುರಿಸುತ್ತದೆ, ತಡೆದುಕೊಳ್ಳಿ. ತನ್ನ ಮಾತೇ ಅಕ್ಷರವಾಗಿ ಕೂತದ್ದನ್ನು ಮಗು ಮನೆಮಂದಿಗೆಲ್ಲ ಓದಿ ತೋರಿಸುತ್ತದೆ.

ಹೆಜ್ಜೆ 7: ಒಂದು ನೋಟ್‌ಬುಕ್

ಪ್ರತಿ ಮಗುವಿಗೆ ಒಂದು ಪುಟ. ತಾರೀಖು, ಓದಿದ್ದು ಏನು, ಎಡವಿದ್ದು ಎಲ್ಲಿ. ಅಂಕ ಬೇಡ, ನಕ್ಷತ್ರವೂ ಬೇಡ. ‘ನ್ನ ಒತ್ತು ತ್ತ ಅಂತ ಓದುತ್ತಾಳೆ’ ಅಂತ ಒಂದು ಸಾಲು ಬರೆದಿದ್ದರೆ ಮುಂದಿನ ಸಲ ಏನು ಮಾಡಬೇಕು ಅಂತ ಯೋಚಿಸುವ ಕೆಲಸವೇ ಇಲ್ಲ. ಎರಡು ತಿಂಗಳಿಗೊಮ್ಮೆ ಮೊದಲ ದಿನದ ಹಾಳೆಯಂಥದ್ದೇ ಇನ್ನೊಂದನ್ನು ಓದಿಸಿ ನೋಡಿ.

ತಪ್ಪದೆ ಬರುತ್ತಿದ್ದೂ ತಿಂಗಳುಗಟ್ಟಲೆ ಮಗು ಅಲ್ಲೇ ನಿಂತಿದ್ದರೆ ಟೀಚರ್ ಜೊತೆ, ಮನೆಯವರ ಜೊತೆ ಮಾತಾಡಿ. ‘ಡಿಸ್ಲೆಕ್ಸಿಯಾ (ಓದು ಬರಹ ಕಲಿಯುವುದರಲ್ಲಿನ ತೊಡಕು) ಇರಬೇಕು’ ಅಂತ ನೀವೇ ಹೆಸರಿಡಬೇಡಿ. ಅದನ್ನು ಹೇಳಲು ತಿಳಿದವರು ಬೇರೆ ಇದ್ದಾರೆ. ನೋಟ್‌ಬುಕ್ ತೋರಿಸಿ, ಅವರಿಗೆ ಅದೇ ದೊಡ್ಡ ಸಹಾಯ.

ಹೆಜ್ಜೆ 8: ಮಕ್ಕಳು ಬರುವಂತೆ ಮಾಡುವುದು

ಇದನ್ನು ಯಾರೂ ಲೆಕ್ಕಕ್ಕೇ ಇಟ್ಟಿರುವುದಿಲ್ಲ. 2005–06ರಲ್ಲಿ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಮಕ್ಕಳ ಶಿಕ್ಷಣಕ್ಕಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆ ಊರಿನವರಿಗೇ ಕೆಲವೇ ದಿನದ ತರಬೇತಿ ಕೊಟ್ಟು ಓದಿನ ಶಿಬಿರ ನಡೆಸಿತ್ತು. ಅರ್ಥಶಾಸ್ತ್ರಜ್ಞರು ಅದರ ಫಲವನ್ನು ಅಳೆದು ನೋಡಿದರು. ಬಂದ ಮಕ್ಕಳ ಓದು ಚೆನ್ನಾಗಿಯೇ ಸುಧಾರಿಸಿತ್ತು. ಆದರೆ ಶಿಬಿರಕ್ಕೆ ಬಂದದ್ದು ಸುಮಾರು 8 ಶೇಕಡಾ ಮಕ್ಕಳು ಮಾತ್ರ. ಅಂದರೆ ಕಲಿಸುವುದು ಸಾಮಾನ್ಯ ಜನರ ಕೈಲಿ ಆಗುತ್ತದೆ. ಮಕ್ಕಳನ್ನು ಕರೆತಂದು ಉಳಿಸಿಕೊಳ್ಳುವುದೇ ಕಷ್ಟ.

ಆದ್ದರಿಂದ ಮನೆಗೆ ಹೋಗಿ. ಸಂಜೆ ತಂಗಿಯನ್ನು ನೋಡಿಕೊಳ್ಳಬೇಕಾದ ಮಗು ಬರುವುದು ಹೇಗೆ? ತಂಗಿಯನ್ನೂ ಕರೆದುಕೊಂಡು ಬಾ ಅನ್ನಿ, ಚಿತ್ರದ ಪುಸ್ತಕ ಕೊಟ್ಟು ಕೂರಿಸಿ. ಒಂದು ದಿನ ಬಾರದಿದ್ದರೆ ಮರುದಿನ ಅದೇ ಮಗುವನ್ನು ಕೇಳಿ, ಎರಡು ವಾರ ಬಿಟ್ಟು ಕೇಳಿದರೆ ತಡ. ಅಪ್ಪ ಅಮ್ಮನಿಗೆ ಓದಲು ಬಾರದಿದ್ದರೂ ಕೆಲಸ ಕೊಡಬಹುದು. ‘ರಾತ್ರಿ ಮಗು ಓದುವಾಗ ಪಕ್ಕದಲ್ಲಿ ಕೂತು ಕೇಳಿ, ಕತೆ ಏನು ಅಂತ ವಿಚಾರಿಸಿ’ ಅಷ್ಟೇ ಹೇಳಿ. ಅದಕ್ಕೆ ಅಕ್ಷರ ಬರಬೇಕಾಗಿಲ್ಲ.

ನಿಮ್ಮ ವಿಷಯವೂ ಇದೆ. ಸ್ವಯಂಸೇವಕರು ಹುಮ್ಮಸ್ಸಿನಲ್ಲಿ ಬರುತ್ತಾರೆ, ಕೆಲಸವೋ ಪರೀಕ್ಷೆಯೋ ಬಂದಾಗ ಬಿಡುತ್ತಾರೆ. ಅದು ತಪ್ಪಲ್ಲ. ಹೇಳದೆ ಕೇಳದೆ ನಿಲ್ಲಿಸುವುದು ತಪ್ಪು. ಮಗು ಅದಕ್ಕೆ ತನ್ನನ್ನೇ ಕಾರಣ ಮಾಡಿಕೊಳ್ಳಬಹುದು. ಎರಡು ವಾರ ಮೊದಲೇ ಹೇಳಿ. ಹೊಸಬರು ಬರುವ ಮೊದಲ ಒಂದೆರಡು ದಿನ ನೀವೂ ಪಕ್ಕದಲ್ಲಿ ಕೂತಿರಿ. ಮಗು ಓದುವಾಗ ಅವರು ಎರಡೇ ಎಣಿಸಿ ಪದ ಹೇಳಲು ಹೊರಟರೆ ಮೆಲ್ಲಗೆ ತಡೆಯಿರಿ. ನೋಟ್‌ಬುಕ್ ಅವರ ಕೈಗೆ ಕೊಡಿ. ಯಾವ ಮಗುವಿಗೆ ಯಾವ ಒತ್ತು ಕಷ್ಟ, ಯಾರಿಗೆ ನಾಯಿ ಕತೆ ಇಷ್ಟ, ಯಾರನ್ನು ಎಲ್ಲರೆದುರು ಓದು ಅನ್ನಬಾರದು, ಎಲ್ಲ ಅದರಲ್ಲಿ ಬರೆದಿರಲಿ.